ಹಿಡಿದ ಕೈ

ಬೆಳಗಿನ ಮಂಜು ವಾರ್ಡಿನ ಕಿಟಕಿಗೆ ಕವಿದಿದೆ, ಒರೆಸಿದಷ್ಟೂ ಮತ್ತೆ ಕೂರುತ್ತದೆ, ಅಜ್ಜಿಯ ಮೈಮೇಲಿನ ನೀಲಿ ಕಲೆಯೂ ಹಾಗೇ, ಒಂದು ಮಾಸುವಷ್ಟರಲ್ಲಿ ಇನ್ನೊಂದು, ಡಾಕ್ಟರು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಅವಳ ತೋಳನ್ನೇ ನೋಡುತ್ತಿದ್ದಾರೆ — ಐದು ಬೆರಳು, ಅಚ್ಚೊತ್ತಿದ ಹಾಗೆ, ಬಂದ ದಿನವೇ ಕಣ್ಣಿಗೆ ಬಿದ್ದದ್ದು ಅದು, ಯಾರಮ್ಮ ಹೀಗೆ ಹಿಡಿದದ್ದು ಎಂದು ಕೇಳಿದ್ದರು, ನಾನೇ ಡಾಕ್ಟ್ರೇ, ಬಚ್ಚಲಲ್ಲಿ ಬೀಳ್ತಿದ್ರು, ಹಿಡ್ಕೊಂಡೆ, ಅಂದಿದ್ದಳು ಸೊಸೆ, ಹಿಡ್ಕೊಂಡ್ಯೋ ಹೊಡೆದ್ಯೋ, ಛೇ, ತಮ್ಮ ನಾಲಿಗೆಯಿಂದಲೇ ಬಂತಲ್ಲ ಆ ಮಾತು, ಇಡೀ ವಾರ್ಡಿನೆದುರು, ಸಿಸ್ಟರ್, ಇವಳನ್ನ ಒಳಗೆ ಬಿಡಬೇಡಿ. ಅವಳು ಬಟ್ಟೆಯ ಚೀಲ ಎತ್ತಿಕೊಂಡು ಹೊರಗಿನ ಬೆಂಚಿಗೆ ಹೋದಳು, ಅಜ್ಜಿಯೇ ನರಳುತ್ತ, ಅವಳನ್ನ ಆಚೆ ಹಾಕಿದ್ರೆ ನನ್ನ ಕೈಕಾಲು ಮುರಿದ ಹಾಗೆ ಕಣಪ್ಪ, ಅಂದಳು, ಪಾಪ ಹೆದರಿ ಹೇಳುತ್ತಾಳೆ ಎಂದುಕೊಂಡು ಡಾಕ್ಟರು ನೋವಿಗೆಂದು ಸೊಂಟಕ್ಕೆ ಸೂಜಿ ಚುಚ್ಚಿದರು, ಸ್ವಂತ ಕೈಯಾರೆ, ಸಂಜೆಗೆ ಅಲ್ಲಿ ರಕ್ತ ಒಳಗೇ ಸೋರಿ ಮುಷ್ಟಿಗಿಂತ ದೊಡ್ಡ ಗಡ್ಡೆಯಾಗಿ ಊದಿತ್ತು, ಮೈಯೆಲ್ಲ ಬಿಳಿಚಿ ಅಜ್ಜಿ ಕೈತಪ್ಪುವ ಹಾಗಾದಳು — ದೇವರೇ, ಹಾಗಾದರೆ ಹೊಡೆದದ್ದು ಯಾರ ಕೈ.

ಹೆಪ್ಪುಗಟ್ಟೋದೇ ಇಲ್ಲ ಸರ್ ಈ ರಕ್ತ, ಲ್ಯಾಬಿನಾಕೆ ಫೋನಿನಲ್ಲಿ, ಆರೋಗ್ಯವಂತರ ರಕ್ತದ ತಿಳಿಯಾದ ಪ್ಲಾಸ್ಮಾ ಬೆರೆಸಿದರೆ ಸರಿಹೋಯಿತು, ಅಬ್ಬ ಎನ್ನುವಷ್ಟರಲ್ಲಿ, ಅದನ್ನೇ ಬೆಚ್ಚಗಿಟ್ಟು ಕಾದರೆ ಮತ್ತೆ ಕೆಟ್ಟಿತು, ಹೆಪ್ಪುಗಟ್ಟಿಸುವ ಅಂಶವನ್ನು ಅಜ್ಜಿಯ ಮೈಯ ರೋಗನಿರೋಧಕ ಕಾವಲೇ ಹಗೆಯೆಂದು ತಿಳಿದು ಕೊಲ್ಲುತ್ತಿದೆ, ಹುಟ್ಟಿನಿಂದ ಬಂದದ್ದಲ್ಲ, ಇಳಿವಯಸ್ಸಿನಲ್ಲಿ ಬಂದು ಸೇರಿದ ಅಪರೂಪದ ಕಾಯಿಲೆ, ಇದನ್ನು ಓದಿದ್ದರಲ್ಲ ಡಾಕ್ಟರು, ಓದಿಯೂ ಬೆಂಚಿನ ಕಡೆ ಬೆರಳು ತೋರಿದರಲ್ಲ. ರಕ್ತ ನಿಲ್ಲಿಸುವ ಔಷಧಿ ನರಕ್ಕೆ, ಕಾವಲನ್ನು ತಣಿಸಲು ಸ್ಟೀರಾಯ್ಡ್ ಮಾತ್ರೆ, ಮಾಂಸಕ್ಕೆ ಇನ್ನು ಸೂಜಿ ಕೂಡದು, ನಿನ್ನೆಯಿಂದ ಗಡ್ಡೆ ಬೆಳೆದಿಲ್ಲ, ದೇವರ ದಯೆ, ಅಜ್ಜಿ ಕಣ್ಣುಬಿಟ್ಟು, ಮಾತ್ರೆ ಅವಳ ಕೈಲಿ ಕೊಡ್ಸಯ್ಯ, ನೀನು ಬರೀ ಚುಚ್ಚೋನು, ಎನ್ನುತ್ತಾಳೆ, ಡಾಕ್ಟರು ಬಾಗಿಲಿಗೆ ಹೋಗಿ, ಒಳಗೆ ಬಾಮ್ಮ, ತಪ್ಪು ನಂದು, ಬರೀ ಹಿಡಿದದ್ದಕ್ಕೇ ಹೀಗಾದದ್ದು ನಿಮ್ಮತ್ತೆ ಕಾಯಿಲೆಯಿಂದ, ಅನ್ನುತ್ತಾರೆ, ಎಲ್ಲರಿಗೂ ಕೇಳುವಂತೆ, ಅವಳು ಅವರತ್ತ ನೋಡುವುದಿಲ್ಲ, ಬರುತ್ತಾಳೆ, ಸ್ಟೂಲನ್ನು ಅವಳ ಕಡೆ ಸರಿಸಿ ಅವರು ಗೋಡೆಗೆ ಒರಗುತ್ತಾರೆ, ಅವಳು ಕೂತು ಅತ್ತೆಯ ತೋಳಿನತ್ತ ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿ, ಹಿಡೀಲಾ ಡಾಕ್ಟ್ರೇ, ಎಂದು ಕೇಳುತ್ತಾಳೆ — ಆ ನೀಲಿ ಬೆರಳುಗಳ ಮೇಲೆ, ಮುಟ್ಟದೆ, ತಡೆದು ನಿಂತ ಐದು ಬೆರಳು —