ಕಿವಿ ಮುಂದೆ, ಬಾಯಿ ಹಿಂದೆ

ಗಡಿಯಂಚಿನ ಬೂಸಿಯಾ ಪೇಟೆಯ ರೇಡಿಯೋದಲ್ಲಿ ಮಧ್ಯಾಹ್ನದ ಸಾವಿನ ಸುದ್ದಿ ಓದುವ ಹೊತ್ತಿನಲ್ಲಿ ನೀನು ಎಲ್ಲಿರುತ್ತೀ ಎಂದು ಕೇಳಿದರೆ ಅಜಾಂಬೊಗೆ ಹೇಳಲು ಬರುತ್ತಿರಲಿಲ್ಲ. ಕುರ್ಚಿಯ ಮೇಲಂತೂ ಅಲ್ಲ. ಎಡಗಿವಿಯಲ್ಲಿ ಕಂಪ್ಯೂಟರಿನ ದನಿ, ಬಲಗಿವಿಯಲ್ಲಿ ತನ್ನದೇ ದನಿ, ಎರಡರ ನಡುವೆ ಹಗ್ಗ ಬಿಚ್ಚಿದ ದೋಣಿಯ ಹಾಗೆ ಅವಳು ತೇಲುತ್ತಿದ್ದಳು. ಪುಟ್ಟವಳಿದ್ದಾಗ, ದಡಾರ ಕಣ್ಣು ಕಿತ್ತುಕೊಳ್ಳುವ ಮೊದಲು ಕಂಡಿದ್ದ ಮಜಾಂಜಿಯ ಸರೋವರದ ನೀರು, ಅಪ್ಪ ದಡದಲ್ಲಿ ಒಣಹಾಕಿದ ಸಣ್ಣ ಮೀನಿನ ಹೊಳಪು, ಎಲ್ಲ ಸರಿಯಾಗಿ ಆ ಹೊತ್ತಿಗೇ ಬಂದು ಪಕ್ಕದಲ್ಲಿ ಕೂರುತ್ತಿದ್ದವು. ಬಾಯಿ ಮಾತ್ರ ತನ್ನ ಪಾಡಿಗೆ ತಾನು, ಯಾರ ತಂದೆ ಯಾವ ಊರಲ್ಲಿ ತೀರಿಕೊಂಡರೆಂದು ನಾಡಿಗೆಲ್ಲ ಸಾರುತ್ತಿತ್ತು.

ಕೆಲಸದ ಬಗೆಯೇ ಹಾಗಿತ್ತು. ಸುದ್ದಿಗಳು ಟೈಪಾಗಿ ಕಂಪ್ಯೂಟರಿಗೆ ಬರುತ್ತವೆ. ಕೆಳಬಾಣದ ಕೀ ಒತ್ತಿದರೆ ಸ್ಕ್ರೀನ್ ರೀಡರ್ ಒಂದು ಸಾಲನ್ನು ಕಿವಿಗೆ ಉಸುರುತ್ತದೆ. ಅದನ್ನು ಮೈಕಿಗೆ ಹೇಳುತ್ತಿರುವಾಗಲೇ ಅವಳ ಬೆರಳು ಮುಂದಿನ ಸಾಲನ್ನು ಒತ್ತಿರುತ್ತದೆ. ಅದು ಉಸುರುವ ವೇಗ ಕೇಳಿದ ಕಣ್ಣುಳ್ಳವರು ಬಾಣಲೆಯಲ್ಲಿ ಎಳ್ಳು ಸಿಡಿದ ಹಾಗಿದೆ ಎಂದು ನಗುತ್ತಾರೆ. ಪಾಪ, ಕಂಪ್ಯೂಟರಿಗೆ ಅವರ ಸಾಮಿಯಾ ನುಡಿಯ ಹೆಸರುಗಳು ಬಾರವು, ಬಿಳಿ ದೊರೆಗಳ ಹಾಗೆ ಸೊಟ್ಟಗೆ ಉಲಿಯುತ್ತದೆ. ಅವಳ ನಾಲಿಗೆ ಅದನ್ನು ನೆಟ್ಟಗೆ ಮಾಡಿ, ಹೆತ್ತತಾಯಿ ಕರೆಯುವ ಹಾಗೆ ಹೊರಗೆ ಬಿಡುತ್ತಿತ್ತು.

ಕಲಿಸಿದವರು ಎಗೆಸಾ ಮೇಷ್ಟ್ರು. ಅವರಿಗೂ ಕಣ್ಣಿರಲಿಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಸುತ್ತಲ ಹಳ್ಳಿಗಳಿಂದ ಕೋಲೂರಿಕೊಂಡು ಬಂದವರನ್ನೆಲ್ಲ ಸಾಲಾಗಿ ಕೂರಿಸಿ ಪಾಠ ಮಾಡುತ್ತಿದ್ದರು. ಕೀಲಿಗಳಿಗೆಲ್ಲ ನೆಂಟಸ್ತಿಕೆ ಕಟ್ಟಿದ್ದರು ಪುಣ್ಯಾತ್ಮ.

"ಕಂಟ್ರೋಲ್ ಅಂದ್ರೆ ಅತ್ತೆ ಕಣಮ್ಮಾ. ಮುಟ್ಟಿದ್ರೆ ಸಾಕು, ವಟವಟ ಅಂತಿದ್ದೋರೆಲ್ಲ ಗಪ್‌ಚಿಪ್. ಆಲ್ಟ್ ಜೊತೆ ಟ್ಯಾಬ್ ಅಂದ್ರೆ ಪಕ್ಕದ್ಮನೆ. ಹೋಗ್ಬೇಡ ಅನ್ನಲ್ಲ. ಅಲ್ಲೇ ಹರಟ್ತಾ ಕೂತ್ರೆ ನಿನ್ನ ಒಲೆ ಮೇಲಿರೋ ಮುದ್ದೆ ತಿರುವೋರ್ಯಾರು?"

ಅವಳಿಗೆ ಗೊತ್ತಾಗದ ಹಾಗೆ ಕಂಪ್ಯೂಟರಿನ ದನಿಯ ವೇಗವನ್ನು ದಿನಕ್ಕೊಂದಿಷ್ಟು ಏರಿಸುತ್ತಿದ್ದರು. ಗೊತ್ತಾದ ದಿನ ಅವಳು ಜಗಳಕ್ಕೆ ನಿಂತರೆ, ಹಿಡಿದ ಕೈ ಬಿಟ್ಟಿದ್ದಕ್ಕೇ ಅಲ್ವಾ ನಡೆಯೋಕೆ ಬಂದಿದ್ದು ಎಂದು ನಕ್ಕುಬಿಟ್ಟಿದ್ದರು. ರೇಡಿಯೋದ ಮುಖ್ಯಸ್ಥೆ ತಾಕಾ ಮೇಡಂ ಎದುರು ಕೂತು, ಈ ಹುಡುಗಿಯಿಂದ ಓದಿಸಿ ನೋಡಿ ಎಂದು ಹಠ ಹಿಡಿದವರೂ ಅವರೇ. ಕೇಳುತ್ತಲೇ ಓದುವ ಗುಟ್ಟನ್ನು ಅವರು ಒಂದೇ ಮಾತಿನಲ್ಲಿ ಹೇಳಿಕೊಟ್ಟಿದ್ದರು: "ಕಿವಿ ಮುಂದೆ ಹೋಗ್ಲಿ, ಬಾಯಿ ಹಿಂದೆ ಬರ್ಲಿ. ನೀನು ಮಧ್ಯೆ ಅಡ್ಡ ನಿಂತ್ಕೋಬೇಡ."

ಸಾವಿನ ಸುದ್ದಿಯಲ್ಲಿ ಆ ಕಡೆಯವರಿಗೆ ಸಾವಿಗಿಂತ ಕೊನೆಯ ಭಾಗವೇ ಮುಖ್ಯ. ಈ ಸುದ್ದಿ ಇಂಥವರಿಗೆ ತಲುಪಲಿ ಎಂದು ಮನೆಯವರು ಹೆಸರು ಕೂಗಿಸುತ್ತಾರೆ. ಹೆಸರು ಬಂದವರು ಹೊಲವಿರಲಿ, ಅಂಗಡಿಯಿರಲಿ, ಬಿಟ್ಟು ಮಣ್ಣಿಗೆ ಹೊರಡಲೇಬೇಕು. ಬರದವರು ಮುಖ ಊದಿಸಿಕೊಂಡು ಮನೆಯಲ್ಲೇ ಕೂರುತ್ತಾರೆ, ಕರೆಯದೆ ಹೋಗಲು ನಾವೇನು ನೊಣವೇ ಎನ್ನುತ್ತಾರೆ. ಹಿಂದೆ ಓದುತ್ತಿದ್ದವನೊಬ್ಬ ದಾಕ್ಷಿಣ್ಯಕ್ಕೆ ಬಿದ್ದು ತನ್ನ ಕಡೆಯಿಂದ ಹೆಸರು ಸೇರಿಸಿದ್ದಕ್ಕೆ ಎರಡು ಮನೆತನದವರು ಗುಂಡಿಯ ಪಕ್ಕದಲ್ಲೇ ಕೈ ಕೈ ಮಿಲಾಯಿಸಿದ್ದರು. ಅದಕ್ಕೇ ತಾಕಾ ಮೇಡಂ ಅಜಾಂಬೊಗೆ ಮೊದಲ ದಿನವೇ ಹೇಳಿದ್ದರು, ಬರೆದದ್ದರ ಮೇಲೆ ಒಂದು ಹೆಸರು ಹೆಚ್ಚಿಗೆ ಬಂದರೂ ಅವತ್ತಿಗೆ ಮೈಕಿನ ಋಣ ತೀರಿತು ಎಂದು.

ಅಜಾಂಬೊಗೆ ಆ ಮೈಕೆಂದರೆ ಪ್ರಾಣ. ಮನೆಯ ಮೂಲೆಯಲ್ಲಿ ಕಡಲೆಕಾಯಿ ಸುಲಿಯುತ್ತ, ಬಂದವರ ಬಾಯಲ್ಲಿ 'ಅಯ್ಯೋ ಪಾಪ' ಎನಿಸಿಕೊಳ್ಳುತ್ತ ಬೆಳೆದವಳು. ಈಗ ಸಂತೆಯಲ್ಲಿ ಅವಳು ಬಾಯಿ ತೆರೆದರೆ ಮೀನು ಮಾರುವ ಹೆಂಗಸರು ವ್ಯಾಪಾರ ನಿಲ್ಲಿಸಿ, ಇದೇ ಆ ದನಿ ಎಂದು ತೋಳು ಮುಟ್ಟಿ ನೋಡುತ್ತಿದ್ದರು.

ಆ ದಿನವೂ ಅವಳು ತೇಲುತ್ತಲೇ ಇದ್ದಳು. ತಂತ್ರಜ್ಞ ಮಂಗೇನಿ ಆಚೆಯಿಂದ ಗಾಜು ಕುಟ್ಟಿ ಸನ್ನೆ ಮಾಡಿದ, ಬೆರಳು ಕೀಲಿಗೆ ಹೋಯಿತು. ಲುಮಿನೊದ ಮುದುಕರೊಬ್ಬರು, ದಬಾನಿಯ ಬಾಣಂತಿಯೊಬ್ಬಳು, ಆಮೇಲೆ ಮತ್ತೊಬ್ಬರು. ಸಾಲು ಕಿವಿಗೆ ಬಂತು, ಬಾಯಿಂದ ಹೋಯಿತು. ಅಪ್ಪನ ದೋಣಿ ನೀರಿನ ಮೇಲೆ ಸುಮ್ಮನೆ ತೂಗುತ್ತಿತ್ತು, ಬಿಸಿಲು ಬೆಚ್ಚಗಿತ್ತು. ನಾಲ್ಕನೆಯವರ ಸುದ್ದಿಗೆ ಬಂದಾಗ, ದೋಣಿಯಲ್ಲಿ ಎದುರಿಗೆ ಕೂತಿದ್ದ ಯಾರೋ ಎದ್ದು ಇಳಿದುಹೋದ ಹಾಗೆ ಒಂದು ಕಡೆ ಹಗುರಾಯಿತು. ಆಗ ಅವಳಿಗೆ ಬಲಗಿವಿಯಲ್ಲಿ ಉಳಿದಿದ್ದ ತನ್ನ ದನಿಯೇ ಕೇಳಿಸಿತು. ಎಗೆಸಾ, ಚರ್ಚಿನ ಹಿಂದಿನ ಮನೆ, ನಿನ್ನೆ ಸಂಜೆ ತೀರಿಕೊಂಡರು.

ಅವಳೇ ಹೇಳಿದ್ದಳು. ಒಂದಿಷ್ಟೂ ತಡವರಿಸದೆ, ಹೆಸರನ್ನು ಅಂದವಾಗಿ ತಿದ್ದಿ ಹೇಳಿದ್ದಳು. ಯಾರ ಸಾವೆಂದು ತಿಳಿದ ಮೇಲೂ ಬಾಯಿ ನಿಲ್ಲಲಿಲ್ಲ. ನಾಲ್ಕನೆಯವರನ್ನು ಮುಗಿಸಿ ಐದನೆಯವರಿಗೆ ಹೋಯಿತು. ತನ್ನ ಬಾಯಿಯ ಮೇಲೆ ಅವಳಿಗೆ ಅಂದು ಬಂದಷ್ಟು ಅಸಹ್ಯ ಎಂದೂ ಬಂದಿರಲಿಲ್ಲ.

ಸುದ್ದಿಗಳನ್ನೆಲ್ಲ ಎರಡು ಸುತ್ತು ಓದುವುದು ಅಲ್ಲಿಯ ರೂಢಿ, ನಡುವೆ ಒಂದು ಹಾಡು. ಹಾಡು ಶುರುವಾದದ್ದೇ ಅಜಾಂಬೊ ಮೇಲ್ಬಾಣ ಒತ್ತುತ್ತ ಹಿಂದಕ್ಕೆ ಹೋದಳು. ಒಂದೊಂದೇ ಪದ ನಿಲ್ಲಿಸಿ ಕೇಳಿದಳು. ಹೌದು, ಅವರೇ. ಮಣ್ಣು ನಾಳೆ. ಸುದ್ದಿ ತಲುಪಬೇಕಾದವರ ಹೆಸರುಗಳನ್ನೂ ಕೇಳಿದಳು. ಮಜಾಂಜಿಯ ಅಣ್ಣ, ಗಡಿಯಾಚೆಯ ತಂಗಿ, ಸೋದರಮಾವನ ಮಕ್ಕಳು, ಕುಲದ ಹಿರಿಯರು. ಕೋಲೂರಿಕೊಂಡು ಆ ಕೋಣೆಗೆ ಹೋಗುತ್ತಿದ್ದವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಮನೆಯವರ ತಪ್ಪೇನಲ್ಲ, ಶಿಷ್ಯರನ್ನು ನೆಂಟರೆಂದು ಯಾರು ಬರೆಸುತ್ತಾರೆ? ಆದರೆ ಹೆಸರಿಲ್ಲದೆ ಹೋಗುವ ಹಾಗಿಲ್ಲವಲ್ಲ. ಮಣ್ಣು ಹಾಕಲು ಅವಳಿಗೆ ದಾರಿಯಿರಲಿಲ್ಲ.

ಸುದ್ದಿ ಕೇಳಿ ತಾಕಾ ಮೇಡಂ ಒಳಗೆ ಬಂದಿದ್ದರು. ಮೇಷ್ಟ್ರು ಯಾರೆಂದು ಅವರಿಗೂ ಗೊತ್ತಿತ್ತು. "ಎದ್ದೇಳಮ್ಮಾ, ಈ ಸುತ್ತು ನಾನು ಓದ್ತೀನಿ" ಎಂದರು.

"ಬೇಡ ಮೇಡಂ. ಒಂದ್ಸಲ ನಾನು ಇಲ್ದೇನೇ ಓದ್ಬಿಟ್ಟೆ. ಈಗ ಇದ್ದು ಓದ್ತೀನಿ."

ಮೇಡಂ ಕುರ್ಚಿಯ ಹಿಂದೆಯೇ ನಿಂತುಕೊಂಡರು.

ಎರಡನೇ ಸುತ್ತಿನಲ್ಲಿ ದೋಣಿ ಬರಲಿಲ್ಲ. ಕುರ್ಚಿ ಗಟ್ಟಿಯಾಗಿತ್ತು, ಮೈಕಿಗೆ ಕಬ್ಬಿಣದ ವಾಸನೆಯಿತ್ತು, ಪ್ರತಿ ಹೆಸರಿಗೂ ತೂಕವಿತ್ತು. ಮೇಷ್ಟ್ರ ಸುದ್ದಿಯನ್ನು ಬರೆದ ಹಾಗೇ ಓದಿದಳು. ಅಣ್ಣ, ತಂಗಿ, ಮಾವನ ಮಕ್ಕಳು, ಹಿರಿಯರು. ಬೆರಳು ಕೆಳಬಾಣವನ್ನು ಒತ್ತಿತು. ಎರಡು ಸುದ್ದಿಗಳ ನಡುವೆ ಏನೂ ಬರೆಯದ ಒಂದು ಸಾಲಿರುತ್ತದೆ, ಅಲ್ಲಿಗೆ ಬಂದಾಗ ಸ್ಕ್ರೀನ್ ರೀಡರ್ 'ಖಾಲಿ' ಎಂದು ಹೇಳಿ ಸುಮ್ಮನಾಗುತ್ತದೆ. ಅದು ಉಸಿರೆಳೆದುಕೊಳ್ಳುವ ಜಾಗ.

ಖಾಲಿ, ಎಂದಿತು ಕಿವಿಯಲ್ಲಿ.

ಅಜಾಂಬೊ ಮುಂದಿನ ಕೀ ಒತ್ತಲಿಲ್ಲ. ಹಿಂದೆ ನಿಂತವರ ಉಸಿರು ಅವಳಿಗೆ ಕೇಳುತ್ತಿತ್ತು. ಈ ಮೈಕು, ಸಂತೆಯ ಹೆಂಗಸರ ಕೈ, ಎಲ್ಲ ಈ ಸಾಲಿಗೆ ಮುಗಿಯುತ್ತದೆಂದು ಚೆನ್ನಾಗಿ ಗೊತ್ತಿದ್ದೇ ಅವಳು ಬಾಯಿ ತೆರೆದಳು.

"ಈ ಸುದ್ದಿ, ಮೇಷ್ಟ್ರು ಬೆರಳು ಹಿಡಿದು ಕೀಲಿ ತೋರಿಸಿಕೊಟ್ಟವರಿಗೆಲ್ಲ ತಲುಪಲಿ. ಅವರು ಎಲ್ಲೇ ಇರಲಿ. ರೇಡಿಯೋದಲ್ಲಿ ಓದುವ ಅಜಾಂಬೊಗೂ ತಲುಪಲಿ."

ಉಳಿದದ್ದನ್ನು ತಪ್ಪಿಲ್ಲದೆ ಓದಿ ಮುಗಿಸಿ ಇಯರ್‌ಫೋನ್ ತೆಗೆದಿಟ್ಟಳು. ತಾಕಾ ಮೇಡಂ "ನಾಳೆಯಿಂದ ಬೇರೆಯವ್ರು ಓದ್ತಾರೆ. ನಾನು ಹೇಳಿದ ಮಾತು ಹೇಳಿದ್ದೇ" ಎಂದರು. ಮತ್ತೆ ಅವಳ ಭುಜದ ಮೇಲೆ ಕೈಯಿಟ್ಟು, "ರೇಡಿಯೋದಲ್ಲಿ ಹೆಸರು ಬಂದೋರು ಕೂತಿರೋ ಹಾಗಿಲ್ಲ. ಹೊರಡು" ಎಂದರು. ಆಗ ಅಜಾಂಬೊ ಅತ್ತಳು. ಮೇಷ್ಟ್ರಿಗಾಗಿ ಅತ್ತಳು, ಮೈಕಿಗಾಗಿಯೂ ಅತ್ತಳು, ಸುಳ್ಳೇಕೆ.

ಮರುದಿನ ಮಂಜು ಇನ್ನೂ ಹುಲ್ಲಿನ ಮೇಲಿರುವಾಗಲೇ ಅವಳು ಚರ್ಚಿನ ದಾರಿ ಹಿಡಿದಳು. ಸ್ವಲ್ಪ ದೂರ ಹೋದ ಮೇಲೆ ಮುಂದೆ ಎಲ್ಲೋ ಟಕ್ ಟಕ್ ಎಂದು ಕೋಲಿನ ಸದ್ದು ಕೇಳಿತು. ನಿಂತರೆ ಹಿಂದಿನಿಂದಲೂ ಕೇಳಿತು. ಪಕ್ಕದ ಕಾಲುದಾರಿಯಿಂದ ಇನ್ನೊಂದು, ಸೇತುವೆಯ ಕಡೆಯಿಂದ ಮತ್ತೊಂದು. ಸದ್ದುಗಳೆಲ್ಲ ಕನಸಿನಲ್ಲಿ ನಡೆದ ಹಾಗೆ ಮಂಜಿನೊಳಗೆ ಒಂದೇ ಕಡೆ ಹೋಗುತ್ತಿದ್ದವು.

ಅಂಗಳದ ಬಾಯಲ್ಲಿ ಮೇಷ್ಟ್ರ ಅಣ್ಣ ನಿಂತಿದ್ದರು. ಇಷ್ಟು ಕೋಲುಗಳನ್ನು ಒಟ್ಟಿಗೆ ಕಂಡು ಅವರಿಗೆ ಗಾಬರಿಯಾಯಿತೋ, ಸಿಟ್ಟು ಬಂತೋ, ದನಿ ಒರಟಾಗಿತ್ತು. "ನಿಮ್ಮನ್ನೆಲ್ಲ ಯಾರಪ್ಪಾ ಕರೆದಿದ್ದು?"

ಅಜಾಂಬೊ ಬಾಯಿ ತೆರೆಯುವ ಮೊದಲೇ, ಅವಳಿಗೆ ಪರಿಚಯವಿಲ್ಲದ ಮುದಿ ದನಿಯೊಂದು ಪಕ್ಕದಿಂದ ಹೇಳಿತು: "ಹೆಸರು ಬಂತಲ್ಲಾ ಯಜಮಾನ್ರೇ, ರೇಡಿಯೋದಲ್ಲಿ."

ಅಣ್ಣ ದಾರಿ ಬಿಟ್ಟು ಪಕ್ಕಕ್ಕೆ ಸರಿದ ಹೆಜ್ಜೆಯ ಸದ್ದು ಕೇಳಿತು.