ಸ್ನೇಹಾಳ ಮದುವೆ ಕಾರ್ಡು

ನಿಜಲಿಂಗಪ್ಪ ಬಡಾವಣೆಯ ನಿರ್ಮಲಮ್ಮನ ವಾಟ್ಸಾಪಿಗೆ ಬೆಳಿಗ್ಗೆ ಒಂದು ಮದುವೆ ಕಾರ್ಡು ಬಂತು. ಬಂದದ್ದು ಹರಿಹರದ ತಂಗಿ ವಾಣಿಶ್ರೀಯ ನಂಬರಿನಿಂದ. ‘ಮನೆಮಂದಿಯೆಲ್ಲ ತಪ್ಪದೇ ಬನ್ನಿ, ಆಮಂತ್ರಣ ನೋಡಲು ಒತ್ತಿ’ ಅಂತ ಒಂದು ಸಾಲು, ಕೆಳಗೊಂದು ಫೈಲು.

ಅಕ್ಕತಂಗಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನಿರ್ಮಲಮ್ಮನ ಮನೆಯ ಗೃಹಪ್ರವೇಶದ ದಿನ ನಾಲ್ಕು ಜನರೆದುರು ವಾಣಿಶ್ರೀ, “ಅಕ್ಕನ ಹೋಳಿಗೆ ಹಲ್ಲು ಗಟ್ಟಿ ಇದ್ದೋರಿಗಷ್ಟೇ ಕಣ್ರೀ” ಎಂದು ನಕ್ಕಿದ್ದೇ ನೆಪ. ಅವಳೇ ಮೊದಲು ಮಾತಾಡಿಸಲಿ ಅಂತ ಇವಳು, ಇವಳೇ ಮಾತಾಡಿಸಲಿ ಅಂತ ಅವಳು. ಈಗ ನೋಡಿದರೆ ಇದು. ತಂಗಿಗಿರುವುದು ಒಬ್ಬಳೇ ಮಗಳು, ಸ್ನೇಹಾ. ಅವಳದೇ ಮದುವೆ ಇರಬೇಕು.

ಗಂಡ ಬಸವಪ್ರಭು ಕನ್ನಡಕ ಏರಿಸಿ ಕೈ ಚಾಚಿದರು. “ಕೊಡಿಲ್ಲಿ, ಒತ್ತಿ ನೋಡಾನ. ಹುಡುಗ ಯಾವೂರೋನೋ.”

“ಮುಟ್ಟಿದ್ರೆ ನೋಡ್ರಿ ಮತ್ತೆ! ಮನಿಗೆ ಬಂದು, ಕುಂಕುಮ ಹಚ್ಚಿ, ‘ಅಕ್ಕ, ನೀನೇ ಮುಂದೆ ನಿಂತು ಮಾಡ್ಬೇಕು’ ಅನ್ಬೇಕಿತ್ತು. ಇದನ್ನ ಒತ್ತಿದ್ರೆ ಅವಳು ಕರೆದದ್ದು ಒಪ್ಕಂಡಂಗಾತು. ನಾ ಒತ್ತಲ್ಲ.”

“ಹಂಗಾರೆ ಮದುವಿಗೆ ಹೋಗಲ್ವಾ?”

“ಮದುವಿಗ್ಯಾಕ? ಈಗ್ಲೇ ಹೋಗ್ತೀನಿ, ಜಗಳಕ್ಕೆ.”

ಹರಿಹರದ ಬಸ್ಸಿನಲ್ಲಿ, ದಾರಿಯ ಬಾತಿ ಊರು ದಾಟುವವರೆಗೂ ಬೈಗುಳ ಜೋಡಿಸಿಕೊಂಡಳು. ಆಮೇಲೆ, ಕೂಸು ಸ್ನೇಹಾಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದದ್ದು ನೆನಪಾಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹರಿಹರದಲ್ಲಿ ಬಾಗಿಲು ತೆರೆದವಳು ಸ್ನೇಹಾಳೇ. “ದೊಡ್ಡಮ್ಮಾ!”

“ನಿನ್ನ ಮದುವಿ ಅಂತಲ್ಲೇ?”

“ನಂದಾ? ಹುಡುಗ ಯಾರಂತೆ ದೊಡ್ಡಮ್ಮ, ಚಂದಾಗಿದಾನಾ?”

ನಿರ್ಮಲಮ್ಮ ಫೋನು ತೋರಿಸಿದಳು. ಸ್ನೇಹಾಳ ನಗು ಅಲ್ಲಿಗೇ ನಿಂತಿತು. “ಇದು ಕಾರ್ಡಲ್ಲ ದೊಡ್ಡಮ್ಮ, ಕಳ್ಳ ಆ್ಯಪು. ಒತ್ತಿದ್ರೆ ಫೋನಿಗೆ ಬರೋ ಓಟಿಪಿ ಎಲ್ಲ ಅವ್ರಿಗೆ ಕಾಣ್ತೈತೆ. ನಮ್ಮವ್ವನ ನಂಬರಿಂದ ಬಂದೈತೆ ಅಂದ್ರೆ ಅವ್ಳೂ ಏನಾದ್ರೂ ಒತ್ತಿದ್ಲಾ?”

ಒಳಗಿನಿಂದ ಬಂದ ವಾಣಿಶ್ರೀ ಅಕ್ಕನನ್ನು ಕಂಡು ನಿಂತಲ್ಲೇ ನಿಂತಳು. “ನಂಗೂ ಗುರುತಿನೋರಿಂದ್ಲೇ ಬಂದಿತ್ತು. ಒತ್ತಿದೆ. ಏನೂ ಕಾಣ್ಲಿಲ್ಲ, ಸುಮ್ನಾದೆ.”

ಸ್ನೇಹಾ ಅವ್ವನ ಫೋನಿನ ಇಂಟರ್ನೆಟ್ ಆರಿಸಿದಳು. ತನ್ನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿದಳು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಳು. ಪುಣ್ಯಕ್ಕೆ ದುಡ್ಡು ಇನ್ನೂ ಹೋಗಿರಲಿಲ್ಲ. “ಅವ್ವನ ಫೋನಿನಾಗೆ ಯಾರ್ಯಾರ ನಂಬರ್ ಐತೋ ಅವ್ರಿಗೆಲ್ಲ ಈ ಕಾರ್ಡು ಹೋಗೇತಿ. ಒತ್ತಬ್ಯಾಡ್ರಿ ಅಂತ ಎಲ್ರಿಗೂ ಹೇಳ್ಬೇಕು.”

ನಿರ್ಮಲಮ್ಮ ತಂಗಿಯತ್ತ ತಿರುಗಿದಳು. “ಹಂಗಾರೆ ನನ್ನ ನಂಬರು ತೆಗ್ದಿರ್ಲಿಲ್ಲೇನು?”

“ಯಾಕ ತೆಗೀಲಿ?” ವಾಣಿಶ್ರೀ ಚಾಪೆ ಬಿಡಿಸಿ ಹಾಸಿದಳು. “ನೀ ತೆಗ್ದಿದ್ಯಾ?”

“ಹೋಗೇ.”

ಜಗಳ ಅಲ್ಲಿಗೆ ಮುಗಿಯಿತು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು, ನಿರ್ಮಲಮ್ಮನ ಫೋನಿನಿಂದ ಬಳಗಕ್ಕೆಲ್ಲ ಫೋನ್ ಹಚ್ಚಿದರು. ಅತ್ತಲಿಂದ ಎಲ್ಲರದೂ ಒಂದೇ ಪ್ರಶ್ನೆ: “ಕಾರ್ಡಿನ ಮಾತು ಆಮ್ಯಾಲೆ, ನೀವಿಬ್ರೂ ಒಂದೇ ಕಡೆ ಹೆಂಗಿದೀರಿ?”

ಹೊತ್ತು ಇಳಿಯಿತು. ಹೇಳಬೇಕಾದವರಿಗೆಲ್ಲ ಹೇಳಿಯಾಗಿತ್ತು. ನಿರ್ಮಲಮ್ಮ ಬ್ಯಾಗು ಎತ್ತಿಕೊಂಡಳು.

“ಕುಂದ್ರಕ್ಕ, ಶಿವಮೂರ್ತಪ್ಪ ಮಾವಗೆ ಹೇಳಿಲ್ಲ,” ಎಂದಳು ವಾಣಿಶ್ರೀ.

“ಅವ್ನ ಡಬ್ಬಿ ಫೋನಿಗೆ ವಾಟ್ಸಾಪೇ ಇಲ್ಲಲ್ಲೇ.”

“ಇಲ್ದಿದ್ರೇನು? ಹೇಳಾನ. ಊಟ ಮಾಡ್ಕಂಡು, ಬೆಳಿಗ್ಗೆ ಹೇಳಾನ.”

ನಿರ್ಮಲಮ್ಮ ಬ್ಯಾಗು ಕೆಳಗಿಟ್ಟಳು.