ಮೀಟರಣ್ಣನ ಮೋಟರ್ ಸೈಕಲ್ಲು

"ಸ್ವಲ್ಪ ಎತ್ತಿ ಹಿಡೀರಿ, ಸ್ಟ್ಯಾಂಡು ಹೊಸ್ತಿಲಿಗೆ ತಾಗ್ತಿದೆ," ಎಂದ ಗ್ಯಾರೇಜಿನ ಮೇಸ್ತ್ರಿ.

ಓಣಿಯಂಥ ನಡುಮನೆಯಲ್ಲಿ ಮೋಟರ್ ಸೈಕಲ್ಲು ಅಡ್ಡ ನಿಂತಿತ್ತು. ಅದನ್ನು ಆಚೆ ಹಾಕದೆ ಹೆಣವನ್ನು ಆಚೆ ತರುವಂತಿರಲಿಲ್ಲ. ಹಿಂದಿನಿಂದ ನೆರೆಯವರಿಬ್ಬರು ತಳ್ಳುತ್ತಿದ್ದರು. ಹ್ಯಾಂಡಲ್ ಹಿಡಿಯಲು ಇನ್ನೊಂದು ಆಳು ಬೇಕಿತ್ತು. ಆಗಷ್ಟೇ ಬಸ್ಸಿಳಿದು ಬಂದಿದ್ದ ಅಣ್ಣ, ಕೈಚೀಲವನ್ನು ಮೆಟ್ಟಿಲ ಮೇಲಿಟ್ಟು ಕೈ ಕೊಟ್ಟ. ತೀರಿಕೊಂಡವನು ಅವನ ತಮ್ಮ. ಆ ಮೆಟ್ಟಿಲು ತುಳಿದು ಇಪ್ಪತ್ತೊಂಬತ್ತು ವರ್ಷವಾಗಿತ್ತು.

ಗಾಡಿಗೆ ಹೊದಿಸಿದ್ದ ಹಳೆಯ ಚಾದರ ಮುಂದುಗಡೆ ಜಾರಿತು. ಎಂಜಿನ್ನಿನ ಪಕ್ಕದಲ್ಲಿ, ಕಿಡಿ ಹೊತ್ತಿಸುವ ಮ್ಯಾಗ್ನೆಟೊ ತನ್ನ ಜಾಗದಲ್ಲಿ ಕೂತಿತ್ತು.

"ಕೂರಿಸಿದ್ದಾನೆ," ಎಂದ ಅಣ್ಣ, ತನಗೆ ತಾನೇ ಹೇಳಿಕೊಂಡಂತೆ.

"ಬರೀ ಕೂರಿಸಿದ್ದಲ್ಲ," ಎಂದ ಮೇಸ್ತ್ರಿ. "ಆಮೇಲೆ ಹೇಳ್ತೀನಿ. ಮೊದಲು ಅವರನ್ನ ಕಳಿಸಿಕೊಡೋಣ."

*

ತಮ್ಮ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವನಾಗಿದ್ದ. ಮೂವತ್ತೊಂದು ವರ್ಷ ಮನೆಮನೆ ಸುತ್ತಿ, ಗುಂಡಿಯ ಮುಚ್ಚಳ ಎತ್ತಿ, ಗಾಜಿನ ಮೇಲಿನ ಕೆಸರು ಹೆಬ್ಬೆರಳಲ್ಲಿ ಒರೆಸಿ, ಅಂಕಿ ಬರೆದುಕೊಂಡ. ಊರಿಗೆಲ್ಲ ಅವನು ಮೀಟರಣ್ಣ. "ಮನೇಲಿ ಮೋಟರ್ ಸೈಕಲ್ ಇಟ್ಕೊಂಡು ಚಪ್ಪಲಿ ಸವೆಸ್ತೀಯಲ್ಲಪ್ಪಾ," ಎಂದು ಜನ ಛೇಡಿಸಿದರೆ, "ಗಾಡಿ ರಜದ ಮೇಲಿದೆ," ಎನ್ನುತ್ತಿದ್ದ.

ಗಾಡಿ ಅಪ್ಪನದು. ಇಬ್ಬರೂ ಹುಟ್ಟುವ ಮೊದಲೇ ಮನೆಗೆ ಬಂದದ್ದು. ಅಪ್ಪ ಹಾಸಿಗೆ ಹಿಡಿದ ಎರಡು ವರ್ಷ ತಮ್ಮನೇ ಎತ್ತಿ ಇಳಿಸಿ ನೋಡಿಕೊಂಡ. ಅಪ್ಪ ಸತ್ತ ಹತ್ತನೇ ದಿನ ಅಣ್ಣ, "ಗಾಡಿ ನಾನು ತಗೊಂಡು ಹೋಗ್ತೀನಿ," ಎಂದ.

"ಅಪ್ಪನ್ನ ನೋಡ್ಕೊಳ್ಳೋಕೆ ಬರದವನು ಗಾಡಿ ಹೊಡ್ಕೊಂಡು ಹೋಗೋಕೆ ಬಂದ್ಯಾ?" ಎಂದ ತಮ್ಮ. ನೆಂಟರೆಲ್ಲ ಊಟಕ್ಕೆ ಕೂತಿದ್ದರು.

ಅಣ್ಣ ಸ್ಪ್ಯಾನರ್ ಹುಡುಕಿ ತಂದು ಮ್ಯಾಗ್ನೆಟೊ ಬಿಚ್ಚಿ, ಟವಲಿನಲ್ಲಿ ಸುತ್ತಿಕೊಂಡ. "ಈಗ ಓಡಿಸು, ನೋಡೋಣ," ಎಂದು ಬಸ್ಸು ಹತ್ತಿದ.

*

ಸ್ಮಶಾನದಲ್ಲಿ ಸರದಿ ಬರಲು ಹೊತ್ತಿತ್ತು. ಸಿಮೆಂಟು ಬೆಂಚಿನ ಒಂದು ತುದಿಯಲ್ಲಿ ತಮ್ಮನ ಹೆಂಡತಿ, ಇನ್ನೊಂದು ತುದಿಯಲ್ಲಿ ಅಣ್ಣ. ಮೇಸ್ತ್ರಿ ನಿಂತೇ ಇದ್ದ.

"ಅವನನ್ನ ಆಸ್ಪತ್ರೆಗೆ ಸೇರಿಸಿದಾರೆ ಅಂತ ಗೊತ್ತಾಯ್ತಮ್ಮ," ಎಂದ ಅಣ್ಣ. "ಬರೋಕೆ ಮುಖ ಇರ್ಲಿಲ್ಲ. ಆ ಮ್ಯಾಗ್ನೆಟೊನ ಪಾರ್ಸೆಲ್ ಮಾಡಿದೆ. ಒಂದು ಸಾಲು ಬರೆಯೋಣ ಅಂತ ಕೂತೆ. ಬರೀಲಿಲ್ಲ."

"ಅವರು ಪೆಟ್ಟಿಗೆ ಬಿಚ್ಚಿ ಬಹಳ ಹೊತ್ತು ಕೂತಿದ್ರು ಭಾವ. ಆಮೇಲೆ, 'ಗ್ರೀಸ್ ಹಚ್ಚಿ ಇಟ್ಟಿದ್ದಾನೆ ಕಣೇ' ಅಂದ್ರು."

"ವರ್ಷಕ್ಕೊಂದು ಸಲ ತಿರುಗಿಸಿ ನೋಡ್ತಿದ್ದೆ. ಬೆರಳಿಗೆ ಚುರ್ ಅಂತಿತ್ತು. ಜೀವ ಇದೆ ಅಂದ್ಕೊಂಡು ಮತ್ತೆ ಸುತ್ತಿಡ್ತಿದ್ದೆ." ಅಣ್ಣ ಕರವಸ್ತ್ರ ತೆಗೆದವನು ಹಾಗೇ ಹಿಡಿದುಕೊಂಡ. "ನಾಲ್ಕು ತಿಂಗಳು ಕಾದೆ. ಉತ್ತರ ಬರ್ಲಿಲ್ಲ. ಅವನ ಸಿಟ್ಟು ಇಳಿದಿಲ್ಲ ಅಂದ್ಕೊಂಡೆ."

"ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತು ಎಲ್ಲಿತ್ತು ಅವರಿಗೆ," ಎಂದ ಮೇಸ್ತ್ರಿ.

*

ಪಾರ್ಸೆಲ್ ಬಂದ ಮೇಲೆ ತಮ್ಮ, ಮೇಸ್ತ್ರಿ ಇಬ್ಬರೂ ಸೇರಿ ಎಂಜಿನ್ನು ಬಿಚ್ಚಿದಾಗ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡುಬಿಟ್ಟಿತ್ತು. ಸೀಮೆಎಣ್ಣೆ ಸುರಿದು ಹದಿನೆಂಟು ದಿನ ನೆನೆಹಾಕಿದರು. ಟ್ಯಾಂಕಿನೊಳಗಿನ ತುಕ್ಕು ಬಿಡಿಸಲು ಮೊಳೆ ತುಂಬಿ ಕುಲುಕಿದರು. ತಮ್ಮನ ಎದೆಯ ಆಪರೇಷನ್ನಿನ ಹೊಲಿಗೆ ಇನ್ನೂ ಹಸಿ. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ತಮ್ಮ ಸ್ಟೂಲಿನ ಮೇಲೆ ಕೂತು ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ತಂತಿಯಿಂದ ಚುಚ್ಚಿ ಚುಚ್ಚಿ ಶುಚಿ ಮಾಡುತ್ತಿದ್ದ. ಮೇಸ್ತ್ರಿ ಅವಸರ ಮಾಡಿದರೆ, "ಇಷ್ಟು ವರ್ಷ ನಿಂತದ್ದು ಇವತ್ತು ಸಂಜೆಗೇ ಓಡಬೇಕಾ?" ಎನ್ನುತ್ತಿದ್ದ.

ಕಳೆದ ಭಾನುವಾರ ಬೆಳಿಗ್ಗೆ ಮೇಸ್ತ್ರಿ ಕಿಕ್ಕರ್ ಒದ್ದ. ಇಪ್ಪತ್ತು ಸಲ ಒದ್ದರೂ ಎಂಜಿನ್ನು ಕೆಮ್ಮಿ ಸುಮ್ಮನಾಯಿತು. ತಮ್ಮ ಬಗ್ಗಿ ಏನೋ ಒಂದು ಕೂದಲೆಳೆಯಷ್ಟು ತಿರುಗಿಸಿ, "ಈಗ," ಎಂದ. ಗಾಡಿ ಗುಡುಗಿತು. ಅಡುಗೆಮನೆಯ ಪಾತ್ರೆಗಳು ಅದುರಿದವು, ಮನೆ ತುಂಬ ಹೊಗೆ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿ ಬಂದಳು. ತಮ್ಮ ಟ್ಯಾಂಕಿನ ಮೇಲೆ ಅಂಗೈ ಊರಿ, ತಲೆ ತಗ್ಗಿಸಿ ನಿಂತಿದ್ದ. ಅವನ ಭುಜ ಅಲುಗುತ್ತಿದ್ದದ್ದು ಎಂಜಿನ್ನಿನಿಂದಲೇ ಎಂದು ಅವಳು ಮೊದಲು ತಿಳಿದಳು.

*

"ಫೋನ್ ಮಾಡಿ ಹೇಳಿ ಅಂದೆ ಭಾವ. 'ಫೋನಲ್ಲಿ ಬೇಡ, ನಾನೇ ಹೋಗಿ ಕರ್ಕೊಂಡು ಬರ್ತೀನಿ, ಬರೋ ಭಾನುವಾರ' ಅಂದ್ರು. ಗುರುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಲ್ಲೇ..." ತಮ್ಮನ ಹೆಂಡತಿ ಬೆಂಚಿನ ಅಂಚು ಹಿಡಿದುಕೊಂಡಳು.

ಒಳಗಿನಿಂದ ಕರೆ ಬಂತು. ಮೂವರೂ ಒಳಗೆ ನಡೆದರು.

*

ಮಧ್ಯಾಹ್ನ ಮನೆಗೆ ಮರಳಿದಾಗ ಗಾಡಿ ಗೋಡೆಗೊರಗಿ ಬಿಸಿಲಲ್ಲಿ ನಿಂತಿತ್ತು. ಮೇಸ್ತ್ರಿ ಚಾದರ ಪೂರಾ ಎಳೆದ. ಅಪ್ಪನ ಗಾಡಿಗೆ ಒಂದೇ ಸೀಟಿತ್ತು. ಈಗ ಅದರ ಹಿಂದೆ ಇನ್ನೊಂದು ಹೊಸ ಸೀಟು.

"ಇದು ನಿನಗಾ ಅಮ್ಮ?"

"ನಾನು ಸೈಕಲ್ ಮೇಲೂ ಕೂರೋಳಲ್ಲ ಭಾವ, ತಲೆ ತಿರುಗುತ್ತೆ." ಅವಳು ಸೀಟಿನ ಧೂಳನ್ನು ಸೆರಗಿನಿಂದ ಒರೆಸಿದಳು. "'ಅಣ್ಣನಿಗೆ ಈ ವಯಸ್ಸಿಗೆ ಮಂಡಿನೋವಿರುತ್ತೆ, ಮೆತ್ತಗಿರಲಿ' ಅಂತ ಎರಡು ಸಲ ಹೊಲಿಸಿದ್ರು."

ಮೇಸ್ತ್ರಿ ಕೇಳಿದ: "ಒದ್ದು ತೋರಿಸ್ಲಾ? ಒಂದೇ ಏಟಿಗೆ ಹಿಡಿಯುತ್ತೆ."

"ಬೇಡಪ್ಪ. ಸುಮ್ನೆ ಹಿಡ್ಕೋ."

ಅಣ್ಣ ಬಗ್ಗಿ, ಹಿಂದೆ ಕೂತವರು ಕಾಲಿಡುವ ಮಡಚಿದ ಫುಟ್‌ರೆಸ್ಟನ್ನು ಕೆಳಕ್ಕೆ ಒತ್ತಿದ. ಒಮ್ಮೆಯೂ ಬಿಡಿಸಿರದ ಅದರ ಕೀಲಿನಲ್ಲಿ ಹೊಸ ಬಣ್ಣ ಅಂಟಿಕೊಂಡಿತ್ತು. ಇನ್ನಷ್ಟು ಒತ್ತಿದಾಗ ಚಟ್ಟೆಂದು ಬಿಟ್ಟುಕೊಂಡಿತು. ಮೇಸ್ತ್ರಿಯ ಭುಜ ಹಿಡಿದು, ನೋಯುವ ಮಂಡಿಯನ್ನು ನಿಧಾನ ಎತ್ತಿ, ಹಿಂದಿನ ಸೀಟಿನ ಮೇಲೆ ಕೂತ. ಎರಡೂ ಕೈಗಳು ತಾವಾಗಿಯೇ ಮುಂದಕ್ಕೆ ಹೋದವು. ಅಲ್ಲಿ ಹಿಡಿದುಕೊಳ್ಳಲು ಯಾರ ಬೆನ್ನೂ ಇರಲಿಲ್ಲ.